ತಟ್ಟೆಯಲ್ಲಿ ಉಳಿದದ್ದು

ಮಗಳು ತನ್ನ ತಟ್ಟೆಯನ್ನು ತಾನೇ ತೊಳೆದಿಟ್ಟಳು ಎಂಬಷ್ಟಕ್ಕೇ ಮನಸ್ಸು ಹೀಗೆ ಕಸಿವಿಸಿಗೊಳ್ಳಬೇಕೇ ಎಂದು ಬಸ್ಸಿನ ಕಿಟಕಿಯ ಪಕ್ಕ ಕೂತು ಅವಳು ತನ್ನನ್ನೇ ಕೇಳಿಕೊಂಡಳು. ಬೇರೆ ತಾಯಂದಿರಾಗಿದ್ದರೆ ಹಿಗ್ಗಿ, ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ಆದರೆ ಹುಡುಗಿ ತೊಳೆದದ್ದು ಒಳ್ಳೆಯ ಬುದ್ಧಿ ಬಂದು ಅಲ್ಲ, ಸಾಕ್ಷಿ ಅಳಿಸುವುದಕ್ಕೆ. ತಾಯಿಗೆ ಬೆನ್ನು ಹಾಕಿ, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಬಾಯಿಗಿಟ್ಟಳೋ ಬ್ಯಾಗಿಗೆ ತುರುಕಿದಳೋ ತಿಳಿಯದ ಹಾಗೆ ಮುಗಿಸಿ, ನಲ್ಲಿ ಬಿಟ್ಟು, ತಟ್ಟೆಯನ್ನು ಉಜ್ಜಿ ಮಗುಚಿಟ್ಟು ತಿರುಗಿದಾಗ ಅವಳ ಮುಖದಲ್ಲಿ ಗೆದ್ದ ಕಳೆ ಇತ್ತು. "ಮೊಟ್ಟೆ ತಿಂದ್ಯಾ?" ಎಂದು ಕೇಳುವಷ್ಟರಲ್ಲಿ, "ಅಮ್ಮಾ, ನಾನು ನಿನ್ನ ಪೇಷಂಟ್ ಅಲ್ಲ. ನನ್ನ ತಟ್ಟೆ ನೋಡೋದು ಬಿಡು, ತಲೆ ತಿನ್ಬೇಡ," ಎಂದು ಚಪ್ಪಲಿ ಮೆಟ್ಟಿ ಹೊರಟೇಹೋದಳು. ತಲೆ ತಿನ್ನಬೇಡ. ಬಸ್ಸು ತಿರುವಿನಲ್ಲಿ ವಾಲಿದಾಗ ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಆ ಮಾತಿನ ಬಗ್ಗೆಯೇ ಕುತೂಹಲ ಹುಟ್ಟಿತು. ಮಗಳು ಮೊಟ್ಟೆ ತಿನ್ನುವುದಿಲ್ಲ, ತಾಯಿ ಮಗಳ ತಲೆ ತಿನ್ನುತ್ತಾಳೆ. ಜನ ಏನೇನನ್ನೆಲ್ಲ ತಿನ್ನುತ್ತಾರೆ! ಏಟು ತಿನ್ನುತ್ತಾರೆ, ಬೈಗುಳ ತಿನ್ನುತ್ತಾರೆ, ಲಂಚ ತಿನ್ನುತ್ತಾರೆ, ಆಡಬೇಕಾದ ಮಾತನ್ನು ನುಂಗುತ್ತಾರೆ, ನೋವನ್ನು ಉಣ್ಣುತ್ತಾರೆ. ಏನೂ ಸಿಗದಿದ್ದರೆ ಕೊರಗು ಅವರನ್ನೇ ಕೂತು ತಿನ್ನುತ್ತದೆ. ಇದಕ್ಕೆಲ್ಲ ಯಾರ ಒತ್ತಾಯವೂ ಬೇಡ. ಅನ್ನವೊಂದನ್ನು ತಿನ್ನಿಸುವುದಕ್ಕೆ ಮಾತ್ರ ಸಂಬಳ ಕೊಟ್ಟು ಒಬ್ಬಳನ್ನು ಇಟ್ಟುಕೊಳ್ಳಬೇಕು, ಆ ಒಬ್ಬಳು ತಾನು.

ಎದೆರೋಗದ ಆಸ್ಪತ್ರೆಯಲ್ಲಿ ಅವಳ ಹುದ್ದೆಯ ಹೆಸರು ಆಹಾರ ತಜ್ಞೆ; ವಾರ್ಡಿನ ಜನರ ಬಾಯಲ್ಲಿ ತಟ್ಟೆ ಮೇಡಂ. ಯಾರಿಗೆ ಏನು, ಎಷ್ಟು ಎಂದು ಬರೆದುಕೊಡುವುದು ಕೆಲಸದ ಒಂದು ಭಾಗ, ಅದನ್ನು ಓದಿಕೊಂಡ ಯಾರು ಬೇಕಾದರೂ ಮಾಡಬಹುದು. ಅವಳು ಹೆಸರು ಮಾಡಿದ್ದು ಊಟ ಮುಗಿದ ಮೇಲಿನ ಕೆಲಸದಲ್ಲಿ. ಎಂಜಲು ತಟ್ಟೆಗಳನ್ನು ಹೊತ್ತ ತಳ್ಳುಗಾಡಿ ತೊಳೆಯುವ ಕೋಣೆಗೆ ಹೋಗುವ ಮುಂಚೆ ವಾರ್ಡಿನ ಬಾಗಿಲಲ್ಲಿ ಅವಳೆದುರು ನಿಲ್ಲಬೇಕು. ಪ್ರತಿ ತಟ್ಟೆಯ ಅಂಚಿಗೂ ಹಾಸಿಗೆಯ ಸಂಖ್ಯೆ ಕೆತ್ತಿರುತ್ತದೆ. ಅವಳು ಬಗ್ಗಿ ನೋಡಿ, ಹಾಳೆಯಲ್ಲಿ ಆ ಸಂಖ್ಯೆಯ ಮುಂದಿನ ಪುಟ್ಟ ವೃತ್ತದೊಳಗೆ ತಿಂದಷ್ಟು ಭಾಗವನ್ನು ಪೆನ್ಸಿಲ್ಲಿನಿಂದ ತುಂಬುತ್ತಾಳೆ: ಕಾಲು, ಅರ್ಧ, ಮುಕ್ಕಾಲು, ಪೂರ್ತಿ. ಅನ್ನವನ್ನು ಅಂಚಿಗೆ ಸರಿಸಿ ನಡುವೆ ಜಾಗ ಮಾಡಿ ತೋರಿಸಿದವನಿಗೆ ವಾಕರಿಕೆ. ನೀರಾಗಿದ್ದನ್ನಷ್ಟೇ ಕುಡಿದು ಗಟ್ಟಿಯದನ್ನು ಬಿಟ್ಟವನಿಗೆ ಗಂಟಲು ನೋವು. ಮೊಟ್ಟೆಯನ್ನು ಅನ್ನದಡಿ ಹೂತಿಟ್ಟವನಿಗೆ ತಟ್ಟೆ ಮೇಡಂ ಎಂದರೆ ಭಯ. ಅವಳಿಗೊಂದು ನಿಯಮವಿತ್ತು: ತಿನ್ನುವವರ ಎದುರು ಹೋಗಿ ನಿಲ್ಲಬಾರದು. ಯಾರಾದರೂ ನೋಡುತ್ತಿದ್ದರೆ ಮನುಷ್ಯ ತಿನ್ನುವ ರೀತಿಯೇ ಬೇರೆ. ಹಾಗಾಗಿ ಊಟದ ಹೊತ್ತಿನಲ್ಲಿ ವಾರ್ಡಿಗೆ ಕಾಲಿಡದೆ, ಮನುಷ್ಯರನ್ನು ಬಿಟ್ಟು ತಟ್ಟೆಗಳನ್ನು ನಂಬುತ್ತಿದ್ದಳು. ತಟ್ಟೆ ಸುಳ್ಳು ಹೇಳುವುದಿಲ್ಲ ಎಂದು ಹೊಸದಾಗಿ ಬಂದ ನರ್ಸುಗಳಿಗೆ ಪಾಠ ಮಾಡುತ್ತಿದ್ದವಳೂ ಅವಳೇ.

ಉಗ್ರಾಣದ ಮುಂದೆ ಹಾದುಹೋಗುವಾಗ ಉಗ್ರಾಣದವನು ಮೂಟೆಗಳ ನಡುವಿನಿಂದ ತಲೆ ಎತ್ತಿ, "ಈ ತಿಂಗಳು ಅಕ್ಕಿ ಬಳಕೆ ಜಾಸ್ತಿ ಮೇಡಂ, ನಿಮ್ಮವರು ಚೆನ್ನಾಗೇ ತಿಂತಿದಾರೆ," ಎಂದ. ಅವಳು ನಕ್ಕು ಮುಂದೆ ನಡೆದಳು. ಅವನ ಬಾಗಿಲು ದಾಟಿದ ಅಕ್ಕಿ ಅವನಿಗೆ ಬಳಕೆ. ಅದು ಮನುಷ್ಯನ ಹೊಟ್ಟೆಗೆ ಸೇರಿತೇ, ಹಿಂದಿನ ಗೋಡೆಯಾಚೆಯ ನಾಯಿಗೆ ಸೇರಿತೇ, ಅವನಿಗೆ ಬೇಕಿಲ್ಲ. ಅದೇ ಅಕ್ಕಿ ಬೆಂದು ವಾರ್ಡಿಗೆ ಬಂದರೆ ಅವಳ ಹಾಳೆಯ ನೆತ್ತಿಯ ಮೇಲೆ ಅಚ್ಚಾದ ಮಾತು ಸೇವನೆ. ವಾರ್ಡಿನ ಬಾಗಿಲ ಮೇಲೆ ಹೊಸ ಬಣ್ಣದಡಿಯಿಂದ ಇನ್ನೂ ಇಣುಕುವ ಹಳೆಯ ಅಕ್ಷರ ಕ್ಷಯ. ಒಬ್ಬ ಬಳಸುತ್ತಾನೆ, ಒಬ್ಬ ಸೇವಿಸುತ್ತಾನೆ, ಒಬ್ಬ ಸವೆಯುತ್ತಾನೆ. ಮೂರೂ ಕಡೆ ಏನೋ ಒಂದು ಮುಗಿಯುತ್ತಿರುತ್ತದೆ. ಮುಗಿದದ್ದು ಎಲ್ಲಿಗೆ ಹೋಗುತ್ತದೆ ಎಂಬುದೇ ಅವಳಿಗೆ ಮೊದಲಿನಿಂದಲೂ ಇದ್ದ ಪ್ರಶ್ನೆ. ಹಿಂದಿನ ಕೋಣೆಯಲ್ಲಿ ಮಲಗಿರುತ್ತಿದ್ದ ಸೋದರತ್ತೆಯ ಬಗ್ಗೆ ದೊಡ್ಡವರು, "ಕ್ಷಯ ಅವಳನ್ನ ತಿಂದುಹಾಕ್ತಿದೆ," ಎಂದು ಪಿಸುಗುಟ್ಟಿದಾಗ ಮಗುವಾಗಿದ್ದ ಅವಳಿಗೆ ಹೆದರಿಕೆ ಆಗಿರಲಿಲ್ಲ, ನೋಡಬೇಕು ಅನಿಸಿತ್ತು. ಯಾವ ಕಡೆಯಿಂದ ತಿನ್ನುತ್ತದೆ? ತಿಂದು ತಿಂದು ಅದು ದಪ್ಪಗಾಗುತ್ತದೆಯೇ? ಹೊಸ್ತಿಲ ಆಚೆ ನಿಂತು ಅತ್ತೆಯನ್ನೇ ಕೇಳಿಬಿಟ್ಟಿದ್ದಳು. ಅತ್ತೆ ನಕ್ಕು, ಕೆಮ್ಮಿ, ಅಂಚು ನೆಗ್ಗಿದ ತನ್ನ ಬೇರೆ ತಟ್ಟೆಯನ್ನು ತೋರಿಸಿ, "ನೋಡೇ, ನಾನು ತಿಂದಿದ್ದು ಇಷ್ಟು. ಉಳಿದಿದ್ದೆಲ್ಲ ಅದರ ಪಾಲು," ಎಂದಿದ್ದಳು. ಆಮೇಲೆ ದಿನಾ ಆ ತಟ್ಟೆಯನ್ನು ದೂರದಿಂದ ನೋಡುವುದು ಅವಳ ಆಟವಾಯಿತು, ಹತ್ತಿರ ಹೋದರೆ ಅಮ್ಮ ರಟ್ಟೆ ಹಿಡಿದು ಎಳೆಯುತ್ತಿದ್ದಳು.

ಅವಳು ವಾರ್ಡಿಗೆ ಬಂದಾಗ ತೂಕ ನೋಡುವ ಯಂತ್ರದ ಮೇಲೆ ದರ್ಜಿ ನಿಂತಿದ್ದ. ಕಿಟಕಿಯ ಪಕ್ಕದ ಹಾಸಿಗೆಯವನು, ಅರವತ್ತರ ಆಸುಪಾಸು. ಆಸ್ಪತ್ರೆಯ ಅಂಗಿ ತನಗೆ ಸರಿಹೋಗಲಿಲ್ಲವೆಂದು ಸೂಜಿದಾರ ತರಿಸಿ ಕಂಕುಳಲ್ಲಿ ಹಿಡಿಸಿಕೊಂಡಿದ್ದ. ಹಾಗೆ ಹಿಡಿಸಿದ ಅಂಗಿಯೂ ಈಗ ಮತ್ತೆ ಜೋಲುತ್ತಿತ್ತು. "ಇವತ್ತೂ ಇಳಿದಿದೆ," ಎಂದಳು ವಾರ್ಡಿನ ಸಿಸ್ಟರ್. ಡಾಕ್ಟರು ವಯಸ್ಸಿನಲ್ಲಿ ತಟ್ಟೆ ಮೇಡಂಗಿಂತ ಎಷ್ಟೋ ಚಿಕ್ಕವರು, ಮಾತಾಡುವಾಗ ಮಾತ್ರ ಎಲ್ಲರಿಗಿಂತ ಹಿರಿಯರು. ಅವಳ ಹಾಳೆಯನ್ನು ತಿರುವಿ ಹಾಕಿ, "ಮೇಡಂ, ನಿಮ್ಮ ಪ್ರಕಾರ ಇವರು ಮಧ್ಯಾಹ್ನ, ಸಂಜೆ ಎರಡು ಹೊತ್ತೂ ಪೂರ್ತಿ ಊಟ ಮಾಡ್ತಿದಾರೆ," ಎಂದರು.

"ಹೌದು ಡಾಕ್ಟ್ರೇ. ಒಂದು ಅಗುಳೂ ಬಿಡಲ್ಲ."

"ಹಾಗಿದ್ರೆ ತೊಂದ್ರೆ ಊಟದ್ದಲ್ಲ, ಔಷಧಿ ನಾಟ್ತಿಲ್ಲ. ಕಫದ ವರದಿ ಬರೋವರೆಗೂ ಕಾಯೋಕಾಗಲ್ಲ. ನಾಳೆಯಿಂದ ಸೂಜಿ ಶುರು ಮಾಡೋಣ."

"ಆ ಸೂಜಿ ಕೆಲವರಿಗೆ ಕಿವಿ ಕೆಡಿಸುತ್ತಲ್ಲ ಡಾಕ್ಟ್ರೇ," ಎಂದಳು ಸಿಸ್ಟರ್, ಮೆಲ್ಲಗೆ.

"ಕೆಲವರಿಗೆ. ಕಿವಿ ನೋಡ್ಕೊಂಡು ಕೂತ್ರೆ ಜೀವ ಹೋಗುತ್ತೆ."

ದರ್ಜಿ ಯಂತ್ರದಿಂದ ಕೆಳಗಿಳಿದು ಚಪ್ಪಲಿ ಹುಡುಕುತ್ತಾ, "ನಮ್ಮದು ಕಿವಿಯ ಕಸುಬು ಡಾಕ್ಟ್ರೇ," ಎಂದ, ನಗುತ್ತಲೇ. "ಮೆಷಿನ್ ಏನು ಹೇಳ್ತಿದೆ ಅಂತ ಕೇಳಿಸದಿದ್ರೆ ಹೊಲಿಗೆ ಹೇಗೆ ಹೋಗ್ತಿದೆ ಅಂತ ಗೊತ್ತಾಗಲ್ಲ." ಅವನು ಒಮ್ಮೆ ತಲೆ ಎತ್ತಿ ಡಾಕ್ಟರನ್ನು ಬಿಟ್ಟು ಅವಳನ್ನು ನೋಡಿದ. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ದೂರಿರಲಿಲ್ಲ. ಅವನೇ ಅವಳ ಬಗ್ಗೆ ಮರುಕಪಡುತ್ತಿದ್ದಾನೆ ಎಂದು ಅವಳಿಗೆ ಅನ್ನಿಸಿತು. ಅದು ಹೇಗೆ ಸಾಧ್ಯ ಎಂದು ಯೋಚಿಸುತ್ತಾ ಅವಳು ತನ್ನ ಕೋಣೆಗೆ ಬಂದು ಕುರ್ಚಿಯ ಮೇಲೆ ಕೂತಳು. ಕಿವಿ ಕಳೆದುಕೊಳ್ಳುವವನು ಅವನು, ಅಯ್ಯೋ ಅನ್ನಿಸಿಕೊಳ್ಳುವವಳು ತಾನೇ? ಅದಕ್ಕಿಂತ ಚುಚ್ಚಿದ್ದು ಇನ್ನೊಂದು. ತೊಂದರೆ ಊಟದ್ದಲ್ಲ ಎಂದು ಡಾಕ್ಟರು ಹೇಳಿದಾಗ ತನಗೆ ಒಂದು ಗಳಿಗೆ ಹಾಯೆನ್ನಿಸಿತ್ತು. ತನ್ನ ವೃತ್ತಗಳು ಸರಿಯಿದ್ದವು, ಅಷ್ಟು ಸಾಕು ಎನ್ನುವ ಹಾಗೆ. ಅವಳು ಆ ಹಾಯನ್ನು ನೆನೆದು ನಾಚಿಕೆಪಟ್ಟಳು. ನಾಚಿಕೆ ಇಳಿಯುವ ಮುಂಚೆಯೇ ಅಡುಗೆಮನೆಯ ಕಟ್ಟೆಯ ಮೇಲೆ ಮಗುಚಿದ್ದ ಮಗಳ ತಟ್ಟೆ ನೆನಪಾಯಿತು, ಅದರ ಬೆನ್ನ ಹಿಂದೆಯೇ ದರ್ಜಿಯ ತಟ್ಟೆ. ಅದು ಖಾಲಿಯಷ್ಟೇ ಅಲ್ಲ, ಒರೆಸಿದ ತಟ್ಟೆ. ಬೆರಳೊಂದು ಸುತ್ತು ಹಾಕಿ ಕೊನೆಯ ಅಗುಳನ್ನೂ ಬಳಿದುಕೊಂಡ ಗುರುತು ಅದರಲ್ಲಿ ದಿನಾ ಇರುತ್ತಿತ್ತು. ರೋಗಿಗಳು ತಿನ್ನುತ್ತಾರೆ, ಕಷ್ಟಪಟ್ಟು ಮುಗಿಸುತ್ತಾರೆ. ಬಳಿದು ತಿನ್ನುವ ರೋಗಿಯನ್ನು ಇಷ್ಟು ವರ್ಷದಲ್ಲಿ ಅವಳು ನೋಡಿರಲಿಲ್ಲ. ನೋಡಿರದಿದ್ದರೂ ಅನುಮಾನಿಸದೆ, ಆ ತಟ್ಟೆಯನ್ನು ಒಂದು ದಿನ ಬಾಗಿಲಲ್ಲೇ ಎತ್ತಿ ಹಿಡಿದು, "ನೋಡಿ, ಎಲ್ಲರೂ ನೋಡಿ, ಊಟ ಅಂದ್ರೆ ಹೀಗೆ," ಎಂದು ಇಡೀ ವಾರ್ಡಿಗೆ ತೋರಿಸಿದ್ದಳು.

ಮಧ್ಯಾಹ್ನ ತಳ್ಳುಗಾಡಿಗೆ ಕಾಯದೆ ಅವಳು ವಾರ್ಡಿನೊಳಕ್ಕೆ ಹೋದಳು. ಊಟದ ಹೊತ್ತಿನ ವಾರ್ಡು ಅವಳಿಗೆ ಪರಿಚಯವಿಲ್ಲದ ಜಾಗ. ಇಷ್ಟು ವರ್ಷ ಬರೀ ಸಂಖ್ಯೆಗಳಾಗಿದ್ದವರಿಗೆ ಇಲ್ಲಿ ದವಡೆಗಳಿದ್ದವು. ಒಬ್ಬ ಕಣ್ಣು ಮುಚ್ಚಿ ಅಗಿಯುತ್ತಿದ್ದ, ಒಬ್ಬ ಚಮಚವನ್ನು ತುಟಿಯ ಹತ್ತಿರ ಹಿಡಿದು ಏನೋ ಯೋಚಿಸುತ್ತಿದ್ದ, ಅವಳನ್ನು ಕಂಡವರು ಬೇಗ ಬೇಗ ತಿನ್ನತೊಡಗಿದರು. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ದರ್ಜಿ ದಿಂಬಿಗೊರಗಿ ಕೂತಿದ್ದ. ತಟ್ಟೆ ಅವನ ಮುಂದಿರಲಿಲ್ಲ. ಸ್ಟೂಲಿನ ಮೇಲೆ ವಾರ್ಡಿಗೆ ಬೆನ್ನು ಮಾಡಿ ಕೂತಿದ್ದ ಅವನ ಹೆಂಡತಿಯ ತೊಡೆಯ ಮೇಲಿತ್ತು. ಆಕೆ ತಲೆ ತಗ್ಗಿಸಿ, ರುಚಿ ನೋಡುವವಳಂತೆ ಅಲ್ಲ, ಒಪ್ಪಿಕೊಂಡ ಕೆಲಸ ಮುಗಿಸುವವಳಂತೆ ತಿನ್ನುತ್ತಿದ್ದಳು. ಅವನು ಆಕೆಯ ತಲೆಯ ಮೇಲೆ ಬಗ್ಗಿ ಏನೋ ಕತೆ ಹೇಳುತ್ತಿದ್ದ, ಆಕೆಯ ಭುಜ ನಗುವಿಗೆ ಅಲುಗುತ್ತಿತ್ತು. ತೂಕದ ಯಂತ್ರದ ಮೇಲೆ ಕಂಡ ಮನುಷ್ಯ ಇವನಲ್ಲ. ತಾನು ಸಿಟ್ಟಾಗಬೇಕಿತ್ತು ಎಂದು ಅವಳಿಗೆ ಗೊತ್ತಿತ್ತು, ಆದರೆ ಸಿಟ್ಟು ಬರುವ ಜಾಗದಲ್ಲಿ, ಅವನು ಹೇಳುತ್ತಿರುವ ಕತೆ ಏನು ಎಂದು ಕೇಳುವ ಆಸೆ ಬಂತು. ಅಷ್ಟರಲ್ಲಿ ಹೆಂಡತಿಯ ಬೆರಳು ತಟ್ಟೆಯಲ್ಲಿ ಒಂದು ಸುತ್ತು ಹಾಕಿತು. ಬೆರಳು ಬಾಯಿಗೆ ಹೋಗುವ ಮುನ್ನ ಆಕೆ ತಿರುಗಿ ನೋಡಿದಳು. ಬಾಯಿ ತುಂಬ ತುತ್ತು, ಉಗುಳುವಂತಿಲ್ಲ, ನುಂಗುವಂತಿಲ್ಲ.

"ಮೊದ್ಲು ನುಂಗಿ ಅಮ್ಮಾ," ಎಂದಳು ಅವಳು.

ಆಕೆ ನುಂಗಿದಳು. ಕಣ್ಣಲ್ಲಿ ನೀರು ಬಂತು. "ತಪ್ಪಾಯ್ತು ಮೇಡಂ, ಹೊಟ್ಟೆಗೆ ಹಾಕ್ಕೊಳ್ಳಿ. ಹಸಿವಿಗೆ ತಿಂದಿದ್ದಲ್ಲ."

"ಮತ್ಯಾಕೆ?"

ಗಂಡಹೆಂಡಿರು ಒಬ್ಬರನ್ನೊಬ್ಬರು ನೋಡಿಕೊಂಡರು. ಯಾರು ಹೇಳುವುದು ಎಂದು ಅವರ ಕಣ್ಣುಗಳೇ ಗೊತ್ತುಮಾಡಿಕೊಂಡ ಮೇಲೆ ದರ್ಜಿ ಗಂಟಲು ಸರಿಮಾಡಿಕೊಂಡ. "ಬಂದ ಹೊಸದ್ರಲ್ಲಿ ನಾನೊಂದು ದಿನ ತಟ್ಟೆ ಹಾಗೇ ವಾಪಸ್ ಕಳಿಸಿದ್ದೆ. ನೀವು ಬಾಗಿಲಲ್ಲಿ ನೋಡಿದ್ರಿ. ಏನೂ ಅನ್ಲಿಲ್ಲ. ಮುಖ ಮಾತ್ರ ಇಷ್ಟು ಸಣ್ಣದು ಮಾಡ್ಕೊಂಡ್ರಿ."

"ನಂಗೆ ಅದೊಂದು ತಡ್ಕೊಳೋಕಾಗಲ್ಲ ಮೇಡಂ," ಎಂದಳು ಹೆಂಡತಿ. "ಇಷ್ಟೆಲ್ಲ ಮಾಡಿ ಹಾಕೋರ ಮುಖ ಸಪ್ಪಗಾದ್ರೆ ನಂಗೆ ಸಂಕಟ ಆಗುತ್ತೆ. ಮಾರನೇ ದಿನ ಇವರು ಬಿಟ್ಟಿದ್ದನ್ನ ನಾನೇ ತಿಂದೆ, ಒಂದಿನ ತಾನೇ ಅಂತ. ಅವತ್ತೇ ನೀವು ಆ ತಟ್ಟೆ ಎತ್ತಿ ಎಲ್ಲರಿಗೂ ತೋರಿಸಿಬಿಟ್ರಿ. ಆಮೇಲೆ ಬಿಡೋದು ಹೇಗೆ, ನೀವೇ ಹೇಳಿ?"

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಾನು ಮುಖ ಸಣ್ಣದು ಮಾಡಿದ್ದು ತನಗೆ ನೆನಪೇ ಇರಲಿಲ್ಲ. ದಿನಕ್ಕೆ ಎಷ್ಟೋ ತಟ್ಟೆಗಳ ಮೇಲೆ ಬಗ್ಗುವ ಮುಖ ಅದು. ಅದನ್ನೂ ಯಾರೋ ಬಗ್ಗಿ ನೋಡುತ್ತಾರೆ, ಅದರಲ್ಲಿ ಕಾಲು, ಅರ್ಧ, ಮುಕ್ಕಾಲು ಎಂದು ಓದಿಕೊಳ್ಳುತ್ತಾರೆ ಎಂದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ. "ಯಜಮಾನ್ರೇ, ನಿಮಗೆ ಹಸಿವೇ ಆಗಲ್ವಾ?" ಎಂದಳು.

"ಆಗುತ್ತೆ, ಸ್ವಲ್ಪ. ತಟ್ಟೆ ಮುಂದೆ ಬಂದ ಕೂಡ್ಲೇ ಹೋಗುತ್ತೆ," ಎಂದ ದರ್ಜಿ. "ಅಂಗಡೀಲಿ ನಾನು ಮೆಷಿನ್ ಮೇಲೆ, ಇವಳು ಪಕ್ಕದಲ್ಲಿ ಗುಂಡಿ ಹಾಕ್ತಾ ಇರ್ತಾಳೆ. ಊಟಕ್ಕೆ ಒಟ್ಟಿಗೆ ಏಳ್ತೀವಿ, ಒಟ್ಟಿಗೆ ಕೂರ್ತೀವಿ. ಯಾರು ಎಷ್ಟು ತಿಂದ್ರು ಅಂತ ಯಾರಿಗೆ ಗೊತ್ತು? ಇಲ್ಲಿ ನಾನೊಬ್ನೇ ತಿನ್ನಬೇಕು. ಇವಳು ಕೂತು ನನ್ನ ಬಾಯೇ ನೋಡ್ತಾಳೆ. ಅಲ್ಲಿಂದ ಸಿಸ್ಟರ್ ನೋಡ್ತಾರೆ. ಕೊನೇಲಿ ನೀವು ತಟ್ಟೆ ನೋಡ್ತೀರಿ. ಇಷ್ಟು ಜನ ಕಾಯ್ತಾ ಇದ್ರೆ ತುತ್ತು ಇಳಿಯುತ್ತಾ? ಇವಳು ತಿನ್ನುವಾಗ ಮಾತ್ರ ಅಂಗಡೀಲೇ ಇದ್ದಂಗಿರುತ್ತೆ."

"ಸಿಸ್ಟರ್‌ಗೆ ಹೇಳ್ಬೇಡಿ ಮೇಡಂ," ಎಂದಳು ಹೆಂಡತಿ. ವಾರ್ಡಿನಲ್ಲಿ ಊಟದ ಹೊತ್ತಿಗೆ ಮನೆಯವರೊಬ್ಬರು ಬಂದು ಉಣ್ಣಿಸಬಹುದಿತ್ತು, ಉಣ್ಣುವಂತಿರಲಿಲ್ಲ. "ಗೊತ್ತಾದ್ರೆ ನನ್ನ ಗೇಟಿನೊಳಗೇ ಬಿಡಲ್ಲ."

"ಹೇಳದಿದ್ರೆ ನಾಳೆ ಸೂಜಿ ಹಾಕ್ತಾರಲ್ಲ ಅಮ್ಮಾ," ಎಂದಳು ಅವಳು. ಹೇಳಿದ ಮೇಲೆ ಗೊತ್ತಾಯಿತು, ದರ್ಜಿ ಆ ವಿಷಯವನ್ನು ನುಂಗಿಕೊಂಡಿದ್ದ. ಯಾವ ಸೂಜಿ, ಯಾಕೆ, ಕಿವಿಗೇನಾಗುತ್ತದೆ ಎಂದು ಹೆಂಡತಿ ಒಂದೊಂದಾಗಿ ಕೇಳಿದಳು, ಅವಳು ಒಂದೊಂದಾಗಿ ಹೇಳಿದಳು. ದರ್ಜಿ ಕಿಟಕಿಯಾಚೆ ನೋಡುತ್ತಿದ್ದ. ಹೆಂಡತಿ ತೊಡೆಯ ಮೇಲಿನ ತಟ್ಟೆಯನ್ನು ಎತ್ತಿ ಮೇಜಿನ ಮೇಲಿಟ್ಟು ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಹೇಳಿಬಿಡಿ ಮೇಡಂ. ನಾನು ಗೇಟಿನಾಚೆ ಇರ್ತೀನಿ."

"ಹೇಳಿ, ಹೇಳಿ," ಎಂದ ದರ್ಜಿ. "ಇವಳು ಹೊರಗಿರ್ಲಿ, ಕಿವಿ ನಂಗಿರ್ಲಿ. ಆ ಕಿವಿ ಇಟ್ಕೊಂಡು ನಾನು ಸಿಸ್ಟರ್ ಬೈಗುಳ ಕೇಳ್ತಾ ಕೂರ್ತೀನಿ." ತಮಾಷೆ ಮಾಡಲು ಹೊರಟ ದನಿ ಕೊನೆಗೆ ಬಿರಿಯಿತು, ಕೆಮ್ಮು ಬಂದು ಅದನ್ನು ಮುಚ್ಚಿತು.

ಡಾಕ್ಟರ ಕೋಣೆಗೆ ಹೋಗುವ ಕಾರಿಡಾರಿನಲ್ಲಿ ಅವಳಿಗೆ ಹೇಳದಿರಲು ಬೇಕಾದಷ್ಟು ದಾರಿಗಳು ಕಂಡವು. ತಲೆನೋವೆಂದು ಮನೆಗೆ ಹೋಗಬಹುದಿತ್ತು. ನಾಳೆಯ ವೃತ್ತವ‌ನ್ನು ಸರಿಯಾಗಿ ತುಂಬಿ, ಹಿಂದಿನದರ ಬಗ್ಗೆ ಬಾಯಿ ಬಿಡದೆ ಇರಬಹುದಿತ್ತು. ಆದರೆ ನಾಳೆಯ ತಟ್ಟೆ ಬರುವ ಮೊದಲೇ ಸೂಜಿ ಬಂದಿರುತ್ತದೆ. ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿ ಆ ಹೆಂಗಸನ್ನು ಹೊರಗೆ ಹಾಕಿಸಿದರೆ ತನ್ನ ತಪ್ಪು ಅರ್ಧಕ್ಕಿಳಿಯುತ್ತದೆ: ಮೋಸ ಹೋದವಳು ಎಂದಾಗುತ್ತದೆ, ಕೆಲಸ ಬಾರದವಳು ಎಂದಲ್ಲ. ಈ ಲೆಕ್ಕ ತನ್ನ ತಲೆಯಲ್ಲಿ ಎಷ್ಟು ಸಲೀಸಾಗಿ ನಡೆಯುತ್ತಿದೆ ಎಂದು ಅವಳಿಗೇ ಬೆರಗಾಯಿತು. ಸೋದರತ್ತೆ ತೀರಿಕೊಂಡ ಮೇಲೆ ಆ ನೆಗ್ಗಿದ ತಟ್ಟೆಯನ್ನು ಏನು ಮಾಡಿದರು? ಯಾರಿಗೂ ನೆನಪಿಲ್ಲ. ಮನೆಯಲ್ಲಿ ಎಲ್ಲರೂ ಆ ತಟ್ಟೆಯನ್ನು ನೋಡಿದ್ದರು, ಅದರ ಮುಂದೆ ಯಾರೂ ಕೂತಿರಲಿಲ್ಲ. ಡಾಕ್ಟರ ಕೋಣೆಯಲ್ಲಿ ಸಿಸ್ಟರ್ ಇದ್ದಳು, ಇಬ್ಬರು ಹೊಸ ನರ್ಸುಗಳಿದ್ದರು, ಸಹಿ ಹಾಕಿಸಲು ಬಂದ ಉಗ್ರಾಣದವನಿದ್ದ. ಕಾಯುವುದು ಬೇಡ ಎಂದು ಅವಳು ನಿಂತಲ್ಲೇ ಹೇಳಿದಳು.

"ಡಾಕ್ಟ್ರೇ, ಆ ದರ್ಜಿಯವರ ಬಗ್ಗೆ ನಾನು ಹಾಕಿದ ಗುರುತು ತಪ್ಪು. ಅವರು ತಿಂತಿರೋದು ಕಾಲು ಭಾಗಾನೂ ಇಲ್ಲ."

"ಮತ್ತೆ ಉಳಿದಿದ್ದು?"

"ನಂಗೆ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ? ತಟ್ಟೇನೇ ತಿಂದ್ಕೊಳ್ತಾ?"

ಉಗ್ರಾಣದವನು ಕಿಸಕ್ಕನೆ ನಕ್ಕ. ಹೊಸ ನರ್ಸುಗಳು ಬಾಯಿಗೆ ಕೈ ಅಡ್ಡ ಹಿಡಿದರು. ತಟ್ಟೆ ಸುಳ್ಳು ಹೇಳುವುದಿಲ್ಲ ಎಂಬ ಪಾಠ ಕೇಳಿದವರು ಅವರೇ. ಸಿಸ್ಟರ್ ಮಾತ್ರ ನಗಲಿಲ್ಲ, ಅವಳನ್ನೇ ನೋಡುತ್ತಿದ್ದಳು. ಡಾಕ್ಟರಿಗೂ ನಗು ಉಳಿಯಲಿಲ್ಲ. "ನಿಮ್ಮ ಈ ಗುಂಡಗಿನ ಚಿತ್ರ ನಂಬಿ ನಾನು ಸೂಜಿ ಬರೆದಿದ್ದೆ ಮೇಡಂ. ಬೇರೆಯವರದ್ದೂ ಹೀಗೇನಾ?" ಎಂದರು. ಅವಳ ಕಿವಿ ಬಿಸಿಯಾಯಿತು. ಇಷ್ಟು ವರ್ಷದ ಹಾಳೆಗಳು, ಅವುಗಳ ತುಂಬ ತಾನು ಒಪ್ಪವಾಗಿ ತುಂಬಿದ ವೃತ್ತಗಳು ಕಣ್ಣ ಮುಂದೆ ಬಂದವು. "ಇರಬಹುದು ಡಾಕ್ಟ್ರೇ. ನೋಡ್ತೀನಿ," ಎಂದಳು. ಅದಕ್ಕಿಂತ ನಿಜವಾದ ಮಾತು ಅವಳಲ್ಲಿರಲಿಲ್ಲ. ಡಾಕ್ಟರು ಪೆನ್ನು ತೆಗೆದು ಬರೆದದ್ದರ ಮೇಲೆ ಗೀಟು ಎಳೆದರು. "ಒಂದು ವಾರ ಕಾಯ್ತೀನಿ. ಅಷ್ಟರಲ್ಲಿ ತೂಕ ನಿಲ್ಲದಿದ್ರೆ ಸೂಜಿ ಶುರು. ಆಗ ಯಾರೂ ಬಂದು ಏನೂ ಹೇಳಬಾರದು."

ಆ ಸಂಜೆ ಮನೆಯಲ್ಲಿ ಅವಳು ತನ್ನ ತಟ್ಟೆಯನ್ನು ಹಿಡಿದು ಮಗಳ ಎದುರು ಕೂರದೆ ಪಕ್ಕದಲ್ಲಿ ಕೂತಳು. ಇಬ್ಬರೂ ಗೋಡೆ ನೋಡಿಕೊಂಡು ತಿನ್ನುವಂತಾಯಿತು. "ಏನಾಯ್ತಮ್ಮಾ? ಮುಖ ಯಾಕೆ ಹಾಗಿದೆ?" ಎಂದಳು ಮಗಳು. ಇವಳೂ ನೋಡುತ್ತಾಳೆ! ಅವಳು ನಡೆದದ್ದನ್ನೆಲ್ಲ ಹೇಳಿದಳು, ಡಾಕ್ಟರ ಮಾತನ್ನು ಡಾಕ್ಟರ ದನಿಯಲ್ಲೇ ಹೇಳಿದಳು. "ತಟ್ಟೇನೇ ತಿಂದ್ಕೊಳ್ತಾ ಅಂದ್ರಾ!" ಎಂದು ಹುಡುಗಿ ಬಿದ್ದು ಬಿದ್ದು ನಕ್ಕಳು. ನಗುವಿನ ನಡುವೆಯೇ ಅವಳ ಕೈ ಪಾತ್ರೆಗೆ ಹೋಗಿ ಇನ್ನೊಂದು ಸೌಟು ಬಡಿಸಿಕೊಂಡಿತು. ತಾಯಿಯ ಕಣ್ಣು ಆ ಕಡೆ ಹೊರಟಿತ್ತು, ಅವಳು ಅದನ್ನು ಹಿಡಿದು ಗೋಡೆಗೆ ತಂದಳು. ಗೋಡೆಯ ಮೇಲೆ ಬಣ್ಣ ಎದ್ದ ಕಡೆ ಒಂದು ಆಕಾರ ಕಾಣುತ್ತಿತ್ತು, ಊಟ ಮುಗಿಯುವವರೆಗೂ ಅದನ್ನೇ ನೋಡಿದಳು.

ಮರುದಿನ ಮಧ್ಯಾಹ್ನ ಎರಡು ಊಟದ ಡಬ್ಬಿಗಳನ್ನು ಹಿಡಿದುಕೊಂಡು ಹೋಗಿ ದರ್ಜಿಯ ಹಾಸಿಗೆಯ ಪಕ್ಕ ಸ್ಟೂಲ್ ಎಳೆದು ಕೂತಳು. ಒಂದು ಡಬ್ಬಿಯನ್ನು ಹೆಂಡತಿಯ ಕೈಯಲ್ಲಿಟ್ಟು, "ಇದು ನಿಮ್ಮದು. ಅವರ ತಟ್ಟೆ ಅವರಿಗೆ," ಎಂದಳು. ಸಿಸ್ಟರ್ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಮೇಡಂ, ಇಲ್ಲಿ ಊಟ ಮಾಡೋ ಹಾಗಿಲ್ಲ, ನಿಮಗೇ ಗೊತ್ತು."

"ನಾನು ಕೆಲಸದ ಮೇಲಿದೀನಿ ಸಿಸ್ಟರ್."

"ಈ ಅಮ್ಮ?"

"ಇವರೂ ಅದೇ ಕೆಲಸದ ಮೇಲಿದಾರೆ."

ಸಿಸ್ಟರ್ ಮೂವರನ್ನೂ ನೋಡಿದಳು. ಅವಳಿಗೆ ಎಲ್ಲ ಯಾವತ್ತಿನಿಂದಲೋ ಗೊತ್ತಿತ್ತೇನೋ. "ಪರದೆನಾದ್ರೂ ಎಳ್ಕೊಳ್ಳಿ ಮತ್ತೆ, ಎಲ್ಲರೂ ಶುರು ಹಚ್ಕೋತಾರೆ," ಎಂದು ಗೊಣಗಿ, ತಾನೇ ಪರದೆ ಎಳೆದು ಹೋದಳು. ಪರದೆಯೊಳಗೆ ಮೂವರೂ ಮದುವೆ ಮನೆಯಲ್ಲಿ ಗುರುತಿಲ್ಲದವರ ನಡುವೆ ಕೂತವರಂತೆ ಸಂಕೋಚಪಟ್ಟುಕೊಂಡು ಕೂತರು. ಮೊದಲು ಡಬ್ಬಿ ಬಿಚ್ಚಿದವಳು ದರ್ಜಿಯ ಹೆಂಡತಿ. ಆಕೆಗೆ ಸುಮ್ಮನೆ ತೆಗೆದುಕೊಳ್ಳುವುದು ಅಭ್ಯಾಸವಿರಲಿಲ್ಲ. ಗಂಡನ ತಟ್ಟೆಯಲ್ಲಿದ್ದ ಬೇಯಿಸಿದ ಮೊಟ್ಟೆಯನ್ನು ಬೆರಳಿನಿಂದ ಮುರಿದು ಒಂದು ತುಂಡನ್ನು ಅವಳ ಡಬ್ಬಿಯ ಮುಚ್ಚಳದ ಮೇಲಿಟ್ಟು, "ನಮ್ಮ ಕಡೆಯಿಂದ ಇಷ್ಟಾದ್ರೂ ತಗೊಳ್ಳಿ," ಎಂದಳು. ತೆಗೆದುಕೊಳ್ಳಲು ಚಾಚಿದ ಅವಳ ಕೈ ಅಲ್ಲೇ ನಿಂತಿತು. ಈ ರೋಗ ತಟ್ಟೆಯಿಂದ ಬರುವುದಿಲ್ಲ, ಇಷ್ಟು ದಿನ ಔಷಧಿ ತೆಗೆದುಕೊಂಡವನಿಂದ ಹೆದರಬೇಕಾದ್ದು ಕಡಿಮೆ ಎಂದು ಅವಳೇ ಮನೆಮಂದಿಗೆ ತಿಳಿಹೇಳುತ್ತಿದ್ದಳು, ಒಂದು ತಟ್ಟೆಯನ್ನು ಬೇರೆ ಇಡಬೇಡಿ ಎಂದು ಎಷ್ಟೋ ಜನರ ಕೈ ಹಿಡಿದು ಹೇಳಿದ್ದಳು. ತಲೆಗೆ ಎಲ್ಲ ಗೊತ್ತಿತ್ತು, ಗಂಟಲಿಗೆ ಯಾರೂ ಹೇಳಿರಲಿಲ್ಲ. ರಟ್ಟೆಯ ಮೇಲೆ ಅಮ್ಮನ ಬೆರಳು ಬಿಗಿಯಾದಂತಾಯಿತು, ಹೊಸ್ತಿಲಾಚೆ ಅತ್ತೆ ನಗುತ್ತಾ ತಟ್ಟೆ ತೋರಿಸಿದಳು. ಗಂಡಹೆಂಡಿರಿಬ್ಬರೂ ಅವಳ ಬಾಯನ್ನೇ ನೋಡುತ್ತಿದ್ದರು. ಅವಳು ತುಂಡನ್ನು ಬಾಯಿಗಿಟ್ಟಳು. ಅಗಿದಳು. ಅದು ಅತ್ತಿತ್ತ ಹೊರಳಿತು, ಒಣಗಿತು, ಇಳಿಯಲೊಲ್ಲದೆ ನಿಂತಿತು. ಇಷ್ಟು ಚಿಕ್ಕ ತುತ್ತಿಗೆ ಇಷ್ಟು ಹೊತ್ತೇ ಎಂದು ಅವಳಿಗೇ ಆಶ್ಚರ್ಯವಾಗುತ್ತಿರುವಾಗ ಕೊನೆಗೆ ಇಳಿಯಿತು.

"ನೋಡಿದ್ರಾ, ಎಷ್ಟು ಕಷ್ಟ!" ಎಂದ ದರ್ಜಿ.

ಮೊದಲು ನಕ್ಕವಳು ಅವಳೇ. ಹೆಂಡತಿ ನಕ್ಕಳು, ದರ್ಜಿ ನಕ್ಕು ಕೆಮ್ಮಿದ, ಪರದೆಯಾಚೆ ಯಾರೋ ಕಾರಣ ಗೊತ್ತಿಲ್ಲದೆ ನಕ್ಕರು. ಆಮೇಲೆ ಅವಳು ಕಿಟಕಿಯ ಕಡೆ ತಿರುಗಿ ಕೂತು ತನ್ನ ಅನ್ನ ತಿಂದಳು. ದರ್ಜಿ ನಿನ್ನೆ ನಿಲ್ಲಿಸಿದ್ದ ಕತೆಯನ್ನು ಮುಂದುವರಿಸಿದ: ಗಿರಾಕಿಯೊಬ್ಬ ದಪ್ಪಗಾಗುವ ಆಸೆಯಿಂದ ಎರಡು ಅಳತೆ ದೊಡ್ಡ ಕೋಟು ಹೊಲಿಸಿಕೊಂಡು, ವರ್ಷವಿಡೀ ಅದನ್ನು ತುಂಬಲು ತಿಂದು ತಿಂದು ಸೋತ ಕತೆ. ಮಾತು ನಡುನಡುವೆ ನಿಂತಾಗ ಚಮಚ ತಟ್ಟೆಗೆ ತಾಗುವ ಸದ್ದು ಕೇಳುತ್ತಿತ್ತು. ಅವಳು ತಿರುಗಿ ನೋಡಲಿಲ್ಲ, ಕಿವಿ ಮಾತ್ರ ಅಲ್ಲಿತ್ತು. ಕತೆ ಮುಗಿಯುವ ಹೊತ್ತಿಗೆ ಸದ್ದು ನಿಧಾನವಾಯಿತು, ನಿಂತಿತು. ಕಣ್ಣಂಚಿನಲ್ಲಿ ಹೆಂಡತಿಯ ಕೈ ಅಭ್ಯಾಸಬಲದಿಂದ ತಟ್ಟೆಯ ಕಡೆ ಹೋದದ್ದೂ, ದರ್ಜಿ ಆ ಮಣಿಕಟ್ಟನ್ನು ಹಿಡಿದುಕೊಂಡದ್ದೂ ಕಂಡಿತು. "ಬಿಡೇ," ಎಂದ ಅವನು. "ಹಾಗೇ ಹೋಗ್ಲಿ."

ತಳ್ಳುಗಾಡಿ ಬಾಗಿಲಿಗೆ ಬಂತು. ಅವಳು ಹಾಳೆ ಹಿಡಿದು ನಿಂತಳು. ಬಳಿದು ಒರೆಸಿದ ತಟ್ಟೆಗಳು ಇವತ್ತು ಇನ್ನೂ ಎರಡು ಮೂರು ಕಣ್ಣಿಗೆ ಬಿದ್ದವು. ಅವುಗಳ ವೃತ್ತಗಳನ್ನು ತುಂಬದೆ ಬಿಟ್ಟು, ಸಂಖ್ಯೆಗಳನ್ನು ಮನಸ್ಸಿನಲ್ಲಿಟ್ಟುಕೊಂಡಳು. ಯಾರ ಬೆರಳೋ, ಯಾವ ಕಾರಣಕ್ಕೋ, ಕೂತು ಕೇಳಬೇಕು. ದರ್ಜಿಯ ತಟ್ಟೆ ಕೆಳಗಿನ ಸಾಲಿನಲ್ಲಿತ್ತು. ಅರ್ಧ ಖಾಲಿಯಾಗಿತ್ತು. ಉಳಿದರ್ಧದಲ್ಲಿ ಅನ್ನದ ಒಂದು ದಿಬ್ಬ, ಅದರ ಬುಡದಲ್ಲಿ ಚದುರಿದ ಕಾಳು, ಚಮಚ ಸುಸ್ತಾಗಿ ಇಟ್ಟ ಜಾಗದಲ್ಲೊಂದು ಗೆರೆ. ಅವಳು ಅರ್ಧ ವೃತ್ತ ತುಂಬಿದಳು. ತಲೆ ಎತ್ತದೆಯೇ ಗೊತ್ತಾಯಿತು, ಪರದೆಯನ್ನು ಒಂದಿಷ್ಟು ಸರಿಸಿ ದರ್ಜಿಯ ಹೆಂಡತಿ ಎದೆಯ ಮೇಲೆ ಕೈಯಿಟ್ಟುಕೊಂಡು ತನ್ನ ಮುಖವನ್ನೇ ನೋಡುತ್ತಿದ್ದಾಳೆ. ಅವಳು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ, ಆ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ, ಉಳಿದ ಅನ್ನ ಚೆಲ್ಲದ ಹಾಗೆ ಹಿಡಿದು, ಇಡೀ ವಾರ್ಡಿಗೆ ತೋರಿಸಿದಳು.